ಕಂಪನಿ ಕಾಲದ ಕಡತ ಓದುವ ಬಗೆ: ನಗರದ ದಂಗೆಯನ್ನು ಮುಂದಿಟ್ಟುಕೊಂಡು

ವಸಾಹತುಶಾಹಿಯ ಮೇಲೆ ಸಂಶೋಧನೆಗೆ ಇಳಿದವರು ಎಡವುವುದು ಬಹುಪಾಲು ಮೊದಲ ಮೆಟ್ಟಿಲಲ್ಲೇ. ‘ಮೈಸೂರಿನಲ್ಲಿ ಬ್ರಿಟಿಷ್ ಆಳ್ವಿಕೆ’ ಎಂಬ ವಿಷಯಕ್ಕೆ ಒಂದು ಆಯುಷ್ಯ ಸಾಲದು. ಒಂದು ಸೀಮೆ, ಎರಡು ವರ್ಷ, ಒಂದು ಪ್ರಶ್ನೆ ಸಾಕು. ಇಲ್ಲಿ 1830-31ರ ನಗರದ (ಮಲೆನಾಡಿನ ಹಳೆಯ ಬಿದನೂರು ಸೀಮೆಯ) ದಂಗೆಯನ್ನು ತೆಗೆದುಕೊಳ್ಳೋಣ. ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲ ಎಂದದ್ದು ಏಕೆ? ಈ ದಂಗೆಯನ್ನು ಮುಂದೆ ಮಾಡಿಯೇ ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತ ತೆಗೆದುಕೊಂಡ. ಅದು ಅರಮನೆಗೆ ಮರಳಿದ್ದು 1881ರಲ್ಲಿ. ಇಷ್ಟೆಲ್ಲ ನಡೆದದ್ದರಿಂದ ಕಾಗದವೂ ರಾಶಿ ಬಿದ್ದಿದೆ.

ಆ ಕಾಗದ ಎಲ್ಲಿದೆ ಎಂದು ಇಂದಿನ ಜಿಲ್ಲೆಯ ಗಡಿ ಹಿಡಿದು ಹುಡುಕಬೇಡಿ. ಬರೆದವನು ಯಾರಿಗೆ ವರದಿ ಒಪ್ಪಿಸುತ್ತಿದ್ದ ಎಂದು ನೋಡಿ. 1830ರಲ್ಲಿ ಮೈಸೂರಿನ ರೆಸಿಡೆಂಟ್, ಅಂದರೆ ಅರಮನೆಯ ಬಳಿ ಇದ್ದ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ, ಮದ್ರಾಸಿಗೆ ಬರೆಯುತ್ತಿದ್ದ. ಹಾಗಾಗಿ ಮೊದಲ ತಾಣ ಚೆನ್ನೈ ಎಗ್ಮೋರಿನ ಪತ್ರಾಗಾರ. ಆಡಳಿತ ಕೈಬದಲಾದ ಮೇಲೆ ಗವರ್ನರ್ ಜನರಲ್‌ನ ಕಲ್ಕತ್ತೆಯೊಡನೆ ನಡೆದ ವ್ಯವಹಾರಕ್ಕೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ, ಆಮೇಲೆ ಮೈಸೂರನ್ನು ಆಳಿದ ಬ್ರಿಟಿಷ್ ಕಮಿಷನರ್ ಕಾಲದ ಕಡತಗಳಿಗೆ ವಿಧಾನಸೌಧದ ರಾಜ್ಯ ಪತ್ರಾಗಾರ. ಅದೇ ಹೊತ್ತಿಗೆ ಘಟ್ಟದ ಕೆಳಗೆ ಕೆನರಾದಲ್ಲೂ (ಇಂದಿನ ಉತ್ತರ, ದಕ್ಷಿಣ ಕನ್ನಡದ ಕಡೆ) ಕೂಟಗಳು ಎದ್ದಿದ್ದವು, ಅವುಗಳ ಕಾಗದವೂ ಮದ್ರಾಸಿನದೇ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ, ಅಲ್ಲಿಂದಾಚೆಗಿನದ್ದಕ್ಕೆ ಮಾತ್ರ ಮುಂಬಯಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದೇ ಒಂದು ಸರಣಿ ನೋಡಲು ಸಾಧ್ಯ ಎಂದಾದರೆ ಇಂಡಿಯಾ ಆಫೀಸ್ ದಾಖಲೆಗಳ ‘ಎಫ್/4’ ನೋಡಿ. 1796ರಿಂದ 1858ರವರೆಗೆ ಒಂದೊಂದು ವಿಷಯದ ಪತ್ರಗಳನ್ನೂ ಒಂದೊಂದು ಕಟ್ಟಾಗಿ ನಕಲು ಮಾಡಿಟ್ಟ ಸರಣಿ ಅದು.

ಸೂಚಿಯಲ್ಲಿ ಹುಡುಕುವಾಗ ಹಳೆಯ ಕಾಗುಣಿತ ಹಾಕಿ. ನಗರ ಅಲ್ಲಿ ‘ಬೆಡ್ನೋರ್’ ಇರಬಹುದು, ‘ನಗ್ಗರ್’ ಇರಬಹುದು. ಚಿತ್ರದುರ್ಗ ‘ಚಿತಲ್‌ಡ್ರೂಗ್’, ಶಿವಮೊಗ್ಗ ‘ಸಿಮೋಗ’. ಇನ್ನೊಂದು ತೊಡಕಿದೆ. ನಡಾವಳಿ ಸಂಪುಟಗಳನ್ನು (ಸರ್ಕಾರದ ಸಭೆಗಳ ದಾಖಲೆಗಳನ್ನು) ಜೋಡಿಸಿರುವುದು ಪತ್ರ ಬರೆದ ದಿನದ ಪ್ರಕಾರ ಅಲ್ಲ, ಅದು ಸಭೆಯ ಮುಂದೆ ಬಂದ ದಿನದ ಪ್ರಕಾರ. ಮಾರ್ಚಿಯ ಪತ್ರ ಮಾರ್ಚಿಯಲ್ಲಿ ಸಿಗದಿದ್ದರೆ ಇಲ್ಲವೆಂದು ಕೈಬಿಡದೆ ಏಪ್ರಿಲ್, ಮೇ ತಿರುವಿ.

ಕಡತ ಕೈಗೆ ಬಂದಾಗ ಹಿಂದಿನಿಂದ ಓದಿ. ಮೇಲಿನ ಪತ್ರದಲ್ಲಿರುವುದು ಅಧಿಕಾರಿಯ ತೀರ್ಮಾನ. ಅರ್ಜಿ, ಹೇಳಿಕೆ, ಲೆಕ್ಕ ಎಲ್ಲ ಅಡಕಗಳಲ್ಲಿ, ಅಂದರೆ ಪತ್ರಕ್ಕೆ ಲಗತ್ತಿಸಿದ ಕಾಗದಗಳಲ್ಲಿ, ಕೊನೆಗೆ ಇರುತ್ತವೆ. ಅಂಚಿನ ಟಿಪ್ಪಣಿ ಮಾತ್ರ ಓದಿ ಮುಗಿಸಿದರೆ ಗುಮಾಸ್ತ ಮಾಡಿದ ಸಾರಾಂಶವನ್ನು ಓದಿದಂತಾಯಿತು, ಅಷ್ಟೆ. ಇನ್ನು ಅಡಕವೇ ರೈತನ ಮಾತು ಎಂದುಕೊಳ್ಳಬೇಡಿ. ರೈತ ಕನ್ನಡದಲ್ಲಿ ಹೇಳಿದ್ದನ್ನು ಕಚೇರಿಯ ಗುಮಾಸ್ತ ಕನ್ನಡದಲ್ಲೋ ಮರಾಠಿಯಲ್ಲೋ ಬರೆದುಕೊಂಡ, ದುಭಾಷಿ ಇಂಗ್ಲಿಷ್ ಮಾಡಿದ, ನಕಲುಗಾರ ಪ್ರತಿ ಎತ್ತಿದ. ಈ ಮೂರು ಕೈಗಳನ್ನು ದಾಟಿಯೂ ಅನುವಾದವಾಗದೆ ಉಳಿದ ಪದಗಳಿರುತ್ತವೆ. ‘ಕೂಟ’ ಅಂಥದ್ದು. ಅಧಿಕಾರಿ ತನ್ನ ಮಾತಿನಲ್ಲಿ ಬರೆಯುವಾಗ ಅವರೆಲ್ಲ ಬಂಡುಕೋರರು, ಅಡಕದಲ್ಲಿ ಕೂಟದವರು. ಅಂಥ ಪದಗಳದ್ದೇ ಒಂದು ಪಟ್ಟಿ ಮಾಡುತ್ತ ಹೋಗಿ. ಯಾವ ದಿನದಿಂದ ‘ಕೂಟ’ ಹೋಗಿ ‘ಬಂಡಾಯ’ ಬಂತು ಎಂಬುದೇ ಪ್ರಬಂಧದ ಒಂದು ಅಧ್ಯಾಯವಾದೀತು.

ಕಾಲ ಗೊತ್ತುಮಾಡುವುದರಲ್ಲಿ ತಪ್ಪು ಸುಲಭ. ಕನ್ನಡ ಕಾಗದದಲ್ಲಿ ಬರೀ ‘ವಿಕೃತಿ ಸಂವತ್ಸರ’ ಎಂದಿದ್ದರೆ ಅದು 1770-71, 1830-31, 1890-91 ಮೂರಕ್ಕೂ ಹೊಂದುತ್ತದೆ. ಅಮಲ್ದಾರನ (ತಾಲ್ಲೂಕಿನ ಕಂದಾಯ ಅಧಿಕಾರಿಯ) ಹೆಸರೋ ಶಕವರ್ಷವೋ ಸಿಗುವವರೆಗೆ ಇಸವಿ ಬರೆಯಬೇಡಿ. ಶಕ 1752ಕ್ಕೆ 78 ಕೂಡಿಸಿದರೆ 1830 ಸರಿ, ಆದರೆ ವರ್ಷ ತಿರುಗುವುದು ಯುಗಾದಿಗೆ. ಅದೇ ಸಂವತ್ಸರದ ಫಾಲ್ಗುಣ 1831ಕ್ಕೆ ಬೀಳುತ್ತದೆ. ಮದ್ರಾಸಿನ ಕಂದಾಯ ಲೆಕ್ಕದ ವರ್ಷವಾದ ಫಸಲಿಗೆ 590 ಕೂಡಿಸಿ: ಫಸಲಿ 1240 ಎಂದರೆ 1830-31.

ಹಣದ ಲೆಕ್ಕದಲ್ಲೂ ಎಚ್ಚರ ಬೇಕು. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ ಕೊಡಬೇಕಿದ್ದ ಕಪ್ಪ 7 ಲಕ್ಷ ನಕ್ಷತ್ರ ವರಹ, ಒಂದಕ್ಕೆ ಮೂರೂವರೆ ರೂಪಾಯಿಯಂತೆ 24.5 ಲಕ್ಷ ರೂಪಾಯಿ. ಅರಮನೆಯ ಲೆಕ್ಕದ ಕಂಠೀರಾಯಿ ವರಹ ಬೇರೆಯದು, ಅದಕ್ಕಿಂತ ಕಡಿಮೆ ಬೆಲೆಯದು. ಎರಡನ್ನೂ ‘ವರಹ’ ಎಂದು ಒಂದೇ ಕೋಷ್ಟಕದಲ್ಲಿ ಕೂಡಿಸಿದರೆ ಇಲ್ಲದ ಖೋತಾ ಹುಟ್ಟಿಕೊಳ್ಳುತ್ತದೆ. ಖಂಡುಗವೂ ಹಾಗೆಯೇ. ಅದು ಧಾನ್ಯದ ಅಳತೆ, ಬಿತ್ತುವ ಬೀಜದ ಲೆಕ್ಕದಲ್ಲಿ ನೆಲದ ಅಳತೆಯೂ ಹೌದು. ಗದ್ದೆಯ ಖಂಡುಗ, ಹೊಲದ ಖಂಡುಗ ಒಂದೇ ವಿಸ್ತೀರ್ಣವಲ್ಲ. ಎಕರೆಗೆ ಇಳಿಸುವ ಅವಸರ ಬೇಡ.

ಇಷ್ಟಾದ ಮೇಲೆ ದೊಡ್ಡ ವರದಿಗೆ ಕೈಹಾಕಿ. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಇದ್ದ ಸಮಿತಿ ದಂಗೆಯ ಕಾರಣ ವಿಚಾರಿಸಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಶರತ್ತು ಪದ್ಧತಿಯ ವಿವರ ಅದರಲ್ಲಿದೆ: ಇಂತಿಷ್ಟು ಕಂದಾಯ ಕಟ್ಟಿಸುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡುವುದು, ಕಡಿಮೆ ಬಿದ್ದರೆ ಹೊಣೆ ಅವನದು, ಅವನು ಹಿಂಡುವುದು ರೈತನನ್ನು. ವಿವರ ಉಪಯುಕ್ತ, ನಿಜ. ಆದರೆ ತಾರೀಖು ನೋಡಿ. ಆಡಳಿತ ಕಿತ್ತುಕೊಂಡು ಎರಡು ವರ್ಷ ಕಳೆದ ಮೇಲೆ ಬಂದ ವರದಿ ಇದು. ಅದರ ಸದಸ್ಯ ಕಬ್ಬನ್ನನೇ 1834ರಲ್ಲಿ ಕಮಿಷನರ್ ಆಗಿ 1861ರವರೆಗೆ ಕುರ್ಚಿಯಲ್ಲಿದ್ದ. ಹಾಗೆಂದು ಇದೆಲ್ಲ ಒಳಸಂಚು ಎಂದು ಬರೆದುಬಿಡುವುದೂ ಸೋಮಾರಿತನ. 1834ರಲ್ಲಿ ಸ್ವತಃ ಬೆಂಟಿಂಕನೇ ಕಪ್ಪಕ್ಕೆ ಸಾಕಾಗುವಷ್ಟು ಸೀಮೆ ಇಟ್ಟುಕೊಂಡು ಉಳಿದದ್ದನ್ನು ರಾಜರಿಗೆ ಬಿಟ್ಟುಕೊಡೋಣ ಎಂದ, ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಸಾಮ್ರಾಜ್ಯದೊಳಗಿನ ಇಂಥ ಜಗಳ ಸಿಕ್ಕ ಕಡೆ ನಿಲ್ಲಿ. ಒಬ್ಬರ ವಾದವನ್ನು ಮುರಿಯಲು ಇನ್ನೊಬ್ಬರು ಬಚ್ಚಿಟ್ಟ ಅಂಕಿ ಹೊರತೆಗೆಯುವುದು ಅಲ್ಲೇ. ಕಪ್ಪ ನಿಜಕ್ಕೂ ಬಾಕಿ ಬಿದ್ದಿತ್ತೇ ಎಂಬುದನ್ನೂ ಪತ್ರದ ಮಾತು ನಂಬದೆ ಜಮಾ-ಖರ್ಚಿನ ಪುಸ್ತಕದಲ್ಲಿ ತಿಂಗಳು ತಿಂಗಳು ನೋಡಿ.

ಜನಪದ ಸಾಮಗ್ರಿ ಸೇರಿಸಿದರೆ ತೂಕ ಸಮನಾಯಿತು ಎಂಬ ನಂಬಿಕೆಯೂ ಇದೆ. ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಲಾವಣಿಗಳನ್ನು 1880ರ ದಶಕದಲ್ಲಿ ಅಚ್ಚಿಗೆ ತಂದವನು ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿಯೇ. ಲಾವಣಿಗೂ ಅದೇ ಪ್ರಶ್ನೆ ಕೇಳಿ: ಹಾಡಿದವರು ಯಾರು, ಬರೆದುಕೊಂಡವರು ಯಾರು, ಯಾವ ವರ್ಷ?

ಕೊನೆಗೆ ಟಿಪ್ಪಣಿಯ ಮಾತು. ಪತ್ರಾಗಾರದೊಳಗೆ ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಪ್ರತಿ ಟಿಪ್ಪಣಿಯ ತಲೆಯ ಮೇಲೆ ಸರಣಿ, ಸಂಪುಟ, ಹಾಳೆಯ ಸಂಖ್ಯೆ, ಪತ್ರದ ದಿನ, ಸಭೆಯ ದಿನ ಐದನ್ನೂ ಬರೆಯಿರಿ. ಫೋಟೊ ತೆಗೆಯಲು ಅನುಮತಿ ಇದ್ದರೆ ಮೊದಲ ಚಿತ್ರ ಸಂಪುಟದ ಬೆನ್ನಿನದಾಗಿರಲಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಮೊಬೈಲಿನಲ್ಲಿ ನಾನೂರು ಹಳದಿ ಹಾಳೆಗಳು, ಯಾವುದರದ್ದು ಯಾವುದೆಂದು ತಿಳಿಯದೆ, ಕುಳಿತಿರುತ್ತವೆ.