ರಕ್ತದಿಂದ ವೆಸಿಕಲ್ ತೆಗೆಯುವ ಮೊದಲು ಪ್ಲೇಟ್‌ಲೆಟ್ ತೆಗೆಯಿರಿ

ನಮ್ಮ ಜೀವಕೋಶಗಳು ಪೊರೆ ಸುತ್ತಿದ ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಇವೇ ವೆಸಿಕಲ್‌ಗಳು. ಒಳಗೆ ಪ್ರೋಟೀನ್, ಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸೂಚನೆ ಒಯ್ಯುವ ಅಣು) ಇರುತ್ತವೆ. ಇನ್ನೊಂದು ಕೋಶ ಇವನ್ನು ನುಂಗಿದರೆ ಸುದ್ದಿ ಮುಟ್ಟಿತು. 2007ರಲ್ಲಿ ಸ್ವೀಡನ್ ವಿಜ್ಞಾನಿಗಳು ಇಲಿಯ ಕೋಶದ ವೆಸಿಕಲ್‌ಗಳನ್ನು ಮನುಷ್ಯರ ಕೋಶಗಳಿಗೆ ಕೊಟ್ಟರು. ಅಲ್ಲಿ ಇಲಿಯ ಪ್ರೋಟೀನ್ ತಯಾರಾಯಿತು!

ಕಲಬುರಗಿಯಲ್ಲಿ ಎಂಎಸ್ಸಿ ಮಕ್ಕಳಿಗೆ ರಕ್ತದಿಂದ ವೆಸಿಕಲ್ ಬೇರ್ಪಡಿಸುವ ಕೆಲಸ ಕಲಿಸುತ್ತೇನೆ. ಪ್ರತಿ ವರ್ಷವೂ ಎಲ್ಲರೂ ಎಡವುವುದು 2ನೇ ಹಂತದಲ್ಲೇ.

ಹಂತ 1: ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸಿ, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಟ್ಯೂಬ್‌ಗೆ ಹಾಕಿ. ಹೆಪಾರಿನ್ ಟ್ಯೂಬ್ ಬೇಡ, ಮುಂದೆ ಪಿಸಿಆರ್ (ಆರ್‌ಎನ್‌ಎ, ಡಿಎನ್‌ಎ ಪತ್ತೆಯ ಪರೀಕ್ಷೆ) ಕೆಡುತ್ತದೆ.

ಹಂತ 2: ಪ್ಲೇಟ್‌ಲೆಟ್ ತೆಗೆಯುವುದು. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ, ಬಹಳ ಸೂಕ್ಷ್ಮ. ಕುಲುಕಿದರೆ, ತಣ್ಣಗಾದರೆ ಅದೇ ವೆಸಿಕಲ್ ಬಿಡಲು ಶುರು ಮಾಡುತ್ತದೆ. ಆಮೇಲೆ ನೀವು ಓದುವುದು ದೇಹದ ಸುದ್ದಿಯಲ್ಲ, ಟ್ಯೂಬ್‌ನಲ್ಲಿ ಹುಟ್ಟಿದ ಸುದ್ದಿ. ಹಾಗಾಗಿ ಐಸ್‌ನಲ್ಲಿ ಇಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ, ಸ್ಕೂಟರ್ ಡಿಕ್ಕಿಯಲ್ಲೂ ತರಬೇಡಿ. 20ರಿಂದ 25 ಡಿಗ್ರಿಯಲ್ಲಿ, ಟ್ಯೂಬ್ ನೆಟ್ಟಗೆ ನಿಲ್ಲಿಸಿ, ಒಂದು ತಾಸಿನೊಳಗೆ ಸೆಂಟ್ರಿಫ್ಯೂಜ್‌ಗೆ (ಗರಗರ ತಿರುಗಿಸಿ ಬೇರ್ಪಡಿಸುವ ಯಂತ್ರ) ಹಾಕಿ.

2,500 ಜಿ, 15 ನಿಮಿಷ. ಬ್ರೇಕ್ ಹಾಕಬೇಡಿ, ತಾನಾಗಿ ನಿಲ್ಲಲಿ. 'ಜಿ' ಅಂದರೆ ಭೂಮಿಯ ಗುರುತ್ವದ ಎಷ್ಟು ಪಟ್ಟು ಬಲ ಎಂಬುದು, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ. ಟ್ಯೂಬ್ ಹಿಡಿದು ತಿರುಗುವ ರೋಟರ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಪಕ್ಕದ ಲ್ಯಾಬ್‌ನ ನಂಬರ್ ಸುಮ್ನೆ ಬರೆದುಕೊಳ್ಳಬೇಡಿ. ಈಗ ಮೇಲಿನ ಹಳದಿ ದ್ರವ, ಅಂದರೆ ಪ್ಲಾಸ್ಮಾ ತೆಗೆಯಿರಿ. ಬೆಂದ ತೊಗರಿ ಬ್ಯಾಳಿಯ ಕಟ್ಟು ಬಸಿಯುವಾಗ ತಳ ಕದಡದಂತೆ ನೋಡಿಕೊಳ್ಳುತ್ತೇವಲ್ವಾ, ಅದೇ ಕೈ ಬೇಕು. ಕೆಂಪು ರಕ್ತಕಣಗಳ ಮೇಲೆ ಕೂತ ಬಿಳಿ ಪದರದ ಮೇಲೆ ಒಂದು ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟುಬಿಡಿ. ಆಸೆಪಟ್ಟು ಪೂರ್ತಿ ಎಳೆದವರದ್ದೇ ಕೆಡುವುದು. ತೆಗೆದದ್ದನ್ನು ಹೊಸ ಟ್ಯೂಬ್‌ಗೆ ಹಾಕಿ ಇನ್ನೊಮ್ಮೆ ಅಷ್ಟೇ ತಿರುಗಿಸಿ, ತಳದ 100 ಮೈಕ್ರೋಲೀಟರ್ ಬಿಡಿ. ಎರಡನೇ ಸುತ್ತು ತಪ್ಪಿಸಲೇಬೇಡಿ. ಉಳಿದ ಪ್ಲೇಟ್‌ಲೆಟ್‌ಗಳು ಫ್ರೀಜರ್‌ನಲ್ಲಿ ಒಡೆದು ಚೂರಾಗುತ್ತವೆ. ಆ ಚೂರುಗಳನ್ನು ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ.

ಹಂತ 3: ಈ ಪ್ಲಾಸ್ಮಾವನ್ನು ಮೈನಸ್ 80 ಡಿಗ್ರಿಯಲ್ಲಿ ಇಡಿ. ಸಣ್ಣ ಸಣ್ಣ ಪಾಲು ಮಾಡಿ ಇಟ್ಟರೆ ಮತ್ತೆ ಮತ್ತೆ ಕರಗಿಸುವುದು ತಪ್ಪುತ್ತದೆ.

ಹಂತ 4: ವೆಸಿಕಲ್ ಬೇರ್ಪಡಿಸಿ. 1 ಲಕ್ಷ ಜಿ ಬಲದಲ್ಲಿ ತಿರುಗಿಸಬಹುದು. ನನ್ನ ಮಾತು ಕೇಳಿದರೆ, ಗಾತ್ರ ನೋಡಿ ಬೇರ್ಪಡಿಸುವ ಕಾಲಮ್ಮೇ (ಸಣ್ಣ ಮಣಿ ತುಂಬಿದ ಕೊಳವೆ) ಒಳ್ಳೆಯದು, ವೆಸಿಕಲ್‌ಗೆ ಪೆಟ್ಟು ಕಡಿಮೆ. ಪಾಲಿಮರ್ ದ್ರಾವಣ ಹಾಕಿ ತಳಕ್ಕೆ ಇಳಿಸುವ ಕಿಟ್‌ಗಳನ್ನು ರಕ್ತಕ್ಕೆ ಬಳಸಬೇಡಿ. ತಳದಲ್ಲಿ ಕೂತ ಗಟ್ಟಿ (ಪೆಲೆಟ್) ದಪ್ಪ ಕಾಣುತ್ತದೆ, ಆದರೆ ಅದರಲ್ಲಿ ರಕ್ತದ ಪ್ರೋಟೀನ್ ಆಲ್ಬುಮಿನ್, ಕೊಬ್ಬಿನ ಕಣಗಳೇ ಜಾಸ್ತಿ.

ಹಂತ 5: ವೆಸಿಕಲ್‌ನ ಗುರುತಿನ ಪ್ರೋಟೀನ್‌ಗಳಾದ ಸಿಡಿ9, ಸಿಡಿ63, ಸಿಡಿ81 ಇವೆಯಾ ನೋಡಿ. ಸಿಡಿ41 ಪ್ಲೇಟ್‌ಲೆಟ್‌ನ ಗುರುತು. ಅದು ವಿಪರೀತ ಜಾಸ್ತಿ ಬಂದರೆ ಕಾಲಮ್ಮನ್ನು ಬೈಯಬೇಡಿ, ಹೊಸ ರಕ್ತ ತೆಗೆಸಿ 2ನೇ ಹಂತದಿಂದ ಶುರು ಮಾಡಿ.