ಸ್ಟೋರ್ ರೂಮಿನಲ್ಲಿ ಭದ್ರತೆಯ ಪಾಠ: ನನ್ನ ಅನುಭವ

ವಿಜಯಪುರದ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಇ. ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಭದ್ರತೆಯನ್ನು ಆಟದ ಮೂಲಕ ಕಲಿಸುತ್ತೇನೆಂದಾಗ, "ಸಿಲೆಬಸ್ ಮುಗಿಸೂದ ಆಗವಲ್ದು, ಆಟ ಆಡಸ್ತೀರೇನ್ರಿ ಸರ್?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಫೋನ್ ಸಿಕ್ಕಿಸುವ ವಿಆರ್ ಕನ್ನಡಕಗಳಿಗೆ ಕೈಯಿಂದ ಆರೇಳು ಸಾವಿರ ಸುರಿದೆ. ಹತ್ತು ನಿಮಿಷಕ್ಕೆ ಅರ್ಧ ತರಗತಿಗೆ ತಲೆ ಸುತ್ತು ಬಂತು. ಮೂರು ತಿಂಗಳು ಕುಳಿತು ಯೂನಿಟಿ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಕಟ್ಟಿದ ತ್ರೀಡಿ ಆಟವು ಲ್ಯಾಬಿನ 4 ಜಿಬಿ ರ‍್ಯಾಮಿನ ಯಂತ್ರಗಳಲ್ಲಿ ತೆವಳಿತು.

ಕೊನೆಗೆ ಕೈಹಿಡಿದದ್ದು ಮುರಿದ ಬೆಂಚು ತುಂಬಿದ್ದ ಸ್ಟೋರ್ ರೂಮು. ಅದನ್ನು ಕ್ಯಾಶಿಯರ್ ನಾಪತ್ತೆಯಾದ ಬ್ಯಾಂಕ್ ಶಾಖೆಯಂತೆ ಸಜ್ಜುಗೊಳಿಸಿದೆ. ಐವರ ತಂಡ, 40 ನಿಮಿಷ, ಸುಳಿವು ಹುಡುಕಿ ತೆರೆಯಬೇಕಾದ ನಂಬರ್ ಲಾಕಿನ ತಿಜೋರಿ. ಕೀಬೋರ್ಡಿನ ಅಡಿ ಚೀಟಿ, ಕಸದ ಬುಟ್ಟಿಯಲ್ಲಿ ಹರಿದ ಕಾಗದ, ಎಲ್ಲವನ್ನೂ ಮರೆಮಾಚದೆ ಕಳಿಸುವ ಹಳೆಯ ಟೆಲ್ನೆಟ್ ಮೂಲಕ ಇನ್ನೊಂದು ಯಂತ್ರಕ್ಕೆ ಮತ್ತೆ ಮತ್ತೆ ಲಾಗಿನ್ ಆಗುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ನೆಟ್‌ವರ್ಕಿನಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ಟೆಲ್ನೆಟ್ ಬಳಸುವ 23ನೇ ಪೋರ್ಟನ್ನು ಸೋಸಿ, ಆ ಇಡೀ ಸಂಭಾಷಣೆಯ ಸ್ಟ್ರೀಮ್ ತೆರೆದ ಹುಡುಗಿಯೊಬ್ಬಳು, "ಸರ್, ಹೆಸರಿನ ಅಕ್ಷರ ಎರಡೆರಡು ಸಲ ಅದಾವು, ಪಾಸ್‌ವರ್ಡ್ ಯಾಕ ಒಂದ ಸಲ?" ಎಂದಳು. ಟೈಪ್ ಮಾಡಿದ ಹೆಸರನ್ನು ಸರ್ವರ್ ಮರಳಿ ಕಳಿಸುತ್ತದೆ, ಪಾಸ್‌ವರ್ಡನ್ನು ಕಳಿಸುವುದಿಲ್ಲ ಎಂಬುದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

ಮೊದಲ ತಂಡ ಸ್ಕ್ರೂಡ್ರೈವರಿನಿಂದ ತಿಜೋರಿಯ ಕೀಲನ್ನೇ ಬಿಚ್ಚಿ ಆರು ನಿಮಿಷದಲ್ಲಿ ಗೆದ್ದಿತು. ಭೌತಿಕ ಭದ್ರತೆಯೂ ಪಾಠವೇ ಆದ್ದರಿಂದ ಪೂರ್ಣ ಅಂಕ ಕೊಟ್ಟೆ, ಮನಸ್ಸಿಲ್ಲದೆ. ಮಧ್ಯಾಹ್ನದ ಹೊತ್ತಿಗೆ ಉತ್ತರಗಳೆಲ್ಲ ವಾಟ್ಸಾಪಿನಲ್ಲಿದ್ದವು. ಅಂದಿನಿಂದ ತಂಡಕ್ಕೊಂದು ಉತ್ತರ ತಾನಾಗಿಯೇ ಬದಲಾಗುತ್ತದೆ. ಹೇಗೆಂಬುದನ್ನು ಬರೆಯುವುದಿಲ್ಲ, ಜೂನಿಯರ್‌ಗಳೂ ಓದುತ್ತಾರೆ. ಬೀಗ, ಹಳೆಯ ರೌಟರ್, ಪೈ ಎಲ್ಲ ಸೇರಿ ಹನ್ನೆರಡು ಸಾವಿರದಷ್ಟಾಯಿತು. ಬಿಲ್ಲಿನ ಅರ್ಧ ಹಣ ಎಂಟು ತಿಂಗಳ ಮೇಲೆ ಬಂತು.

ನಡುವೆ ಒಂದು ಭಾನುವಾರ ಬೆಳಿಗ್ಗೆ, ಜನ ಸೇರುವ ಮುನ್ನ, ಇಪ್ಪತ್ತು ಮಂದಿಯನ್ನು ಗೋಳಗುಮ್ಮಟದ ಪಿಸುಗುಡುವ ಗ್ಯಾಲರಿಗೆ ಕರೆದೊಯ್ದೆ. ಒಬ್ಬ ಗೋಡೆಗೆ ಬಾಯಿಟ್ಟು ಪಾಸ್‌ವರ್ಡ್ ಉಸುರಿದ. ಸುಮಾರು 37 ಮೀಟರ್ ಆಚೆ ನಿಂತ ಗೆಳೆಯನಿಗೆ ಅದು ಕೇಳಿತು, ಗೋಡೆಗೆ ಕಿವಿಗೊಟ್ಟು ನಡುವೆ ನಿಂತ ಮೂರನೆಯವನಿಗೂ ಕೇಳಿತು. ಅದನ್ನೇ ಪ್ರತಿ ಅಕ್ಷರವನ್ನೂ ಇಂತಿಷ್ಟು ಸ್ಥಾನ ಸರಿಸಿ ಬರೆಯುವ ಸೀಸರ್ ಸಂಕೇತದಲ್ಲಿ ಹೇಳಿಸಿದಾಗ ಪ್ರತಿಧ್ವನಿಯಲ್ಲಿ ಅಕ್ಷರಗಳು ಕಲಸಿ, ಕಳ್ಳನಿಗೂ ತಿಳಿಯಲಿಲ್ಲ, ಗೆಳೆಯನಿಗೂ ತಿಳಿಯಲಿಲ್ಲ.

ಈ ವರ್ಷದ ಆಂತರಿಕ ಪರೀಕ್ಷೆಯಲ್ಲಿ ಸುಮಾರು 60 ಮಂದಿಯ ಪೈಕಿ 45 ಜನ ಪ್ಯಾಕೆಟಿನ (ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯ ತುಣುಕು) ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ್ದಾರೆ. ಮೊದಲು ಹದಿನೈದು ದಾಟಿದ್ದು ನೆನಪಿಲ್ಲ. ನಕ್ಕಿದ್ದ ಹಿರಿಯರು ತಮ್ಮ ನೆಟ್‌ವರ್ಕ್ ತರಗತಿಗೂ ಆ ರೂಮು ಕೇಳಿದ್ದಾರೆ. ತಿಜೋರಿಗೆ ವೆಲ್ಡಿಂಗ್ ಮಾಡಿಸಿದ್ದೇನೆ.