ಡಿಸ್ಕ್ ಹಾಕಿದರೂ ‘ಡಿಸ್ಕ್ ಹಾಕಿ’ ಎನ್ನುತ್ತಿದೆಯೇ ನಿಮ್ಮ ಹಳೆಯ ಗೇಮ್?

ಅಟ್ಟದ ಮೇಲಿದ್ದ ಪೆಟ್ಟಿಗೆಯಿಂದ ಹಳೆಯ ಗೇಮ್ ತೆಗೆದು, ಧೂಳು ಕೊಡವಿ, ಡ್ರೈವ್‌ಗೆ ಹಾಕಿ ಇನ್‌ಸ್ಟಾಲ್ ಕೂಡ ಮುಗಿಸಿದ್ದೀರಿ. ಐಕಾನ್ ಒತ್ತಿದರೆ ಮಾತ್ರ ‘ಸರಿಯಾದ ಸಿ.ಡಿ. ಹಾಕಿ’ ಎಂಬ ಪುಟ್ಟ ಕಿಟಕಿ. ಸರಿಯಾದ ಸಿ.ಡಿ. ಒಳಗೇ ಇದೆ! ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿದರೂ ಅದೇ ಮಾತು.

ಒರೆಸುವುದನ್ನು ಅಲ್ಲಿಗೇ ನಿಲ್ಲಿಸಿ. ಗೇಮ್ 1998ರಿಂದ 2008ರ ನಡುವಿನದಾಗಿದ್ದು, ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ಡಿಸ್ಕ್ ನಿರಪರಾಧಿಯಾಗಿರುವ ಸಾಧ್ಯತೆಯೇ ಹೆಚ್ಚು. ತಕರಾರು ಡ್ರೈವ್‌ನದೋ, ಡಿಸ್ಕ್‌ನದೋ, ವಿಂಡೋಸ್‌ನದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ದಿನದ ಪರದಾಟ ತಪ್ಪುತ್ತದೆ. ಈ ಕ್ರಮದಲ್ಲಿ ನೋಡುತ್ತ ಹೋಗಿ.

1. ಡ್ರೈವ್ ಓದುತ್ತಿದೆಯೇ?

ಬೇರೆ ಒಂದು ಸಿ.ಡಿ., ಬೇರೆ ಒಂದು ಡಿ.ವಿ.ಡಿ. ಎರಡನ್ನೂ ಹಾಕಿ ನೋಡಿ. ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಡ್ರೈವ್ ಸಿ.ಡಿ.ಯನ್ನು ಓದುವುದು 780 ನ್ಯಾನೊಮೀಟರ್ ಲೇಸರಿನಿಂದ, ಡಿ.ವಿ.ಡಿ.ಯನ್ನು ಓದುವುದು 650 ನ್ಯಾನೊಮೀಟರ್ ಲೇಸರಿನಿಂದ. ಎರಡರಲ್ಲಿ ಒಂದು ಮಾತ್ರ ಸೊರಗಿರಬಹುದು. ನಿಮ್ಮ ಗೇಮ್ ಸಿ.ಡಿ.ಯಲ್ಲಿದ್ದರೆ, ಅದೇ ಡ್ರೈವ್‌ನಲ್ಲಿ ಸಿನಿಮಾ ಡಿ.ವಿ.ಡಿ. ಸರಾಗವಾಗಿ ಓಡುತ್ತದೆ ಎಂಬುದು ಸಾಕ್ಷ್ಯವಾಗುವುದಿಲ್ಲ.

ಯು.ಎಸ್.ಬಿ. ಡ್ರೈವ್ ಬಳಸುವವರು ಅದನ್ನು ಹಬ್‌ಗೆ ಸಿಕ್ಕಿಸದೆ ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ಕೇಬಲ್ಲಿಗೆ ಎರಡು ಪ್ಲಗ್ ಇದ್ದರೆ ಎರಡನ್ನೂ ಹಾಕಿ. ಎರಡನೆಯದು ಇರುವುದು ವಿದ್ಯುತ್ತಿಗಾಗಿ. ಡಿಸ್ಕ್ ತಿರುಗಲು ಆರಂಭಿಸಿ, ಟಕ್ ಎಂದು ನಿಂತು, ಮತ್ತೆ ತಿರುಗುವ ಆಟ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಡ್ರೈವ್ ಕಂಪ್ಯೂಟರಿನಲ್ಲಿ ಕಾಣಿಸುತ್ತಲೇ ಇಲ್ಲವೇ? ಡಿವೈಸ್ ಮ್ಯಾನೇಜರ್ ತೆರೆಯಿರಿ. ಡ್ರೈವ್ ಹೆಸರಿನ ಮೇಲೆ ಹಳದಿ ಗುರುತು, ವಿವರದಲ್ಲಿ ಕೋಡ್ 19 ಅಥವಾ 39 ಇದ್ದರೆ, ಹಿಂದೆಂದೋ ಹಾಕಿ ತೆಗೆದ ಡಿಸ್ಕ್ ಬರೆಯುವ ತಂತ್ರಾಂಶ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಭಂಡಾರದಲ್ಲಿ) ತನ್ನ ಪಳೆಯುಳಿಕೆ ಬಿಟ್ಟುಹೋಗಿರಬಹುದು. 4ಡಿ36ಇ965 ಎಂದು ಆರಂಭವಾಗುವ ಕೀಲಿಯಲ್ಲಿ ‘ಅಪ್ಪರ್‌ಫಿಲ್ಟರ್ಸ್’, ‘ಲೋವರ್‌ಫಿಲ್ಟರ್ಸ್’ ಎಂಬ ಎರಡು ನಮೂದುಗಳಿರುತ್ತವೆ. ಅವನ್ನು ಅಳಿಸಿ ಕಂಪ್ಯೂಟರ್ ಮರುಚಾಲೂ ಮಾಡಿದರೆ ಡ್ರೈವ್ ಸಾಮಾನ್ಯವಾಗಿ ಮರಳಿ ಬರುತ್ತದೆ. ಅಳಿಸುವ ಮುನ್ನ ಆ ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ರೂಢಿ ಇಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು.

2. ಡಿಸ್ಕ್ ಸರಿಯಿದೆಯೇ, ಅದಕ್ಕಿಂತ ಮೊದಲು, ಸರಿಯಾದ ಡಿಸ್ಕೇ?

ಎರಡು ಡಿಸ್ಕ್‌ನ ಗೇಮ್‌ಗಳಲ್ಲಿ ಇನ್‌ಸ್ಟಾಲ್ ಮಾಡುವುದು ಒಂದು, ಆಡುವಾಗ ಡ್ರೈವ್‌ನಲ್ಲಿರಬೇಕಾದದ್ದು ಇನ್ನೊಂದು. ಸಿ.ಡಿ.ಯಲ್ಲಿ ಬಂದ ‘ವೈಸ್ ಸಿಟಿ’ಗೆ ಆಡುವಾಗ ಬೇಕಾಗುವುದು ಎರಡನೆಯ ಡಿಸ್ಕ್. ಮೊದಲನೆಯದನ್ನೇ ಒಳಗೆ ಬಿಟ್ಟು ಕಂಪ್ಯೂಟರನ್ನು ಬೈಯುವವರು ಕಡಿಮೆಯಿಲ್ಲ.

ಇನ್ನು ಡಿಸ್ಕ್‌ನ ಆರೋಗ್ಯ. ಹೊಳೆಯುವ ಬದಿಯ ಗೆರೆಗಳಿಗೇ ಎಲ್ಲರೂ ಗಾಬರಿಯಾಗುತ್ತಾರೆ. ಸಿ.ಡಿ.ಯ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಚಿತ್ರ ಅಚ್ಚಾದ ಬದಿಯಲ್ಲಿ. 1.2 ಮಿಲಿಮೀಟರ್ ದಪ್ಪದ ಸಿ.ಡಿ.ಯಲ್ಲಿ ಮಾಹಿತಿ ಹೊತ್ತ ಲೋಹದ ಪದರ ಆ ಚಿತ್ರದ ಕೆಳಗೇ, ತೆಳುವಾದ ಲೇಪದಡಿ ಇರುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ: ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಅಲ್ಲಿನ ಪದರ ಹೋಗಿದೆ, ಅದಕ್ಕೆ ಮದ್ದಿಲ್ಲ. ಡಿ.ವಿ.ಡಿ.ಯಲ್ಲಿ ತಲಾ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಪದರ ಅಡಗಿರುವುದರಿಂದ ಮೇಲಿನ ಗೀರು ಅಷ್ಟು ಕಾಡುವುದಿಲ್ಲ.

ಒರೆಸಲೇಬೇಕೆಂದಿದ್ದರೆ ಮೆತ್ತನೆಯ ಬಟ್ಟೆಯನ್ನು ತುಸು ಒದ್ದೆ ಮಾಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಿ ಸುತ್ತಿ ಒರೆಸಿದರೆ ಮಾಹಿತಿಯ ಸಾಲಿನ ಉದ್ದಕ್ಕೂ ಗೀರು ಬೀಳುತ್ತದೆ, ಅದನ್ನು ಸರಿದೂಗಿಸುವುದು ಡ್ರೈವ್‌ಗೆ ಕಷ್ಟ. ಟೂತ್‌ಪೇಸ್ಟ್ ಸಲಹೆಯನ್ನು ನಾನಂತೂ ಕೊಡಲಾರೆ. ಅದು ಪ್ಲಾಸ್ಟಿಕ್ಕನ್ನು ಸವೆಸುತ್ತದೆ, ಬೇರೇನೂ ಮಾಡುವುದಿಲ್ಲ.

3. ಗೇಮ್ ಬೇರೆ ಕಡೆ ಹುಡುಕುತ್ತಿದೆಯೇ?

ಹಳೆಯ ಗೇಮ್‌ಗಳು ಇನ್‌ಸ್ಟಾಲ್ ಆದ ದಿನ ಡ್ರೈವ್‌ನ ಅಕ್ಷರ ಯಾವುದಿತ್ತೋ ಅದನ್ನೇ ಬರೆದಿಟ್ಟುಕೊಳ್ಳುತ್ತವೆ. ಅಂದು ‘ಡಿ’ ಇದ್ದದ್ದು ಹೊಸ ಹಾರ್ಡ್‌ಡಿಸ್ಕ್ ಬಂದ ಮೇಲೆ ‘ಇ’ ಆಗಿದ್ದರೆ ಗೇಮ್ ಇಂದಿಗೂ ‘ಡಿ’ಯಲ್ಲೇ ತಡಕಾಡುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನು ಮರಳಿ ಕೊಡಿ, ಇಲ್ಲವೇ ಗೇಮ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ.

ವರ್ಚುವಲ್ ಡ್ರೈವ್‌ಗಳೂ, ಅಂದರೆ ತಂತ್ರಾಂಶ ಸೃಷ್ಟಿಸುವ ಸೋಗಿನ ಡ್ರೈವ್‌ಗಳೂ, ತಲೆನೋವೇ. ವಿಂಡೋಸ್ 8ರಿಂದ ಈಚೆಗೆ ಐ.ಎಸ್.ಒ. ಕಡತದ (ಡಿಸ್ಕ್‌ನ ಪೂರ್ತಿ ಪ್ರತಿಯ) ಮೇಲೆ ಎರಡು ಸಲ ಒತ್ತಿದರೆ ಅದೇ ಒಂದು ಡ್ರೈವ್ ಆಗಿ ಕುಳಿತುಬಿಡುತ್ತದೆ. ಅದನ್ನು ಇಜೆಕ್ಟ್ ಮಾಡಿ. ಡೀಮನ್ ಟೂಲ್ಸ್, ಆಲ್ಕೊಹಾಲ್ 120% ಬಗೆಯ, ಇಂಥ ಡ್ರೈವ್ ಸೃಷ್ಟಿಸುವ ತಂತ್ರಾಂಶ ಕಂಡರೆ ಅಸಲಿ ಡಿಸ್ಕ್ ಇದ್ದರೂ ಮುಷ್ಕರ ಹೂಡುವ ಗೇಮ್‌ಗಳಿವೆ.

4. ಬೀಗ ಮತ್ತು ವಿಂಡೋಸ್

ಡಿಸ್ಕ್‌ನಲ್ಲಿರುವ ಕಡತಗಳೆಲ್ಲ ತೆರೆಯುತ್ತವೆ, ಇನ್‌ಸ್ಟಾಲ್ ಪೂರ್ತಿಯಾಗುತ್ತದೆ, ಗೇಮ್ ಮಾತ್ರ ಒಪ್ಪುವುದಿಲ್ಲ. ಕೆಲವೊಮ್ಮೆ ಸಂದೇಶವೂ ಬಾರದೆ, ಒಂದು ಕ್ಷಣ ಚಕ್ರ ತಿರುಗಿ ಎಲ್ಲ ಸ್ತಬ್ಧ. ಹೀಗಿದ್ದರೆ ತಪ್ಪಿರುವುದು ಡಿಸ್ಕನ್ನು ನಕಲು ಮಾಡದಂತೆ ಕಂಪನಿ ಹಾಕಿದ ತಂತ್ರಾಂಶದ ಬೀಗದಲ್ಲಿ.

ಆ ಕಾಲದ ಹೆಸರಾಂತ ಬೀಗ ಮ್ಯಾಕ್ರೊವಿಷನ್ ಕಂಪನಿಯ ಸೇಫ್‌ಡಿಸ್ಕ್. ಸಾಮಾನ್ಯ ನಕಲಿನಲ್ಲಿ ಉಳಿಯದಂಥ ಗುರುತುಗಳನ್ನು, ಬೇಕೆಂದೇ ಕೆಡಿಸಿದ ಕೆಲವು ಸೆಕ್ಟರ್‌ಗಳನ್ನು ಅದು ಡಿಸ್ಕ್‌ನಲ್ಲಿ ಇಡುತ್ತದೆ. ಗೇಮ್ ಶುರುವಾಗುವಾಗ ಅವು ಇವೆಯೇ ಎಂದು ಪರೀಕ್ಷಿಸಲು ವಿಂಡೋಸ್‌ನ ಒಳಗೆ ‘ಸೆಕ್‌ಡ್ರೈವ್’ (ಎಸ್‌ಇಸಿಡಿಆರ್‌ವಿ) ಎಂಬ ಡ್ರೈವರ್, ಅಂದರೆ ಪುಟ್ಟ ಸಹಾಯಕ ತಂತ್ರಾಂಶ, ಬೇಕು. ವಿಂಡೋಸ್ ಎಕ್ಸ್‌ಪಿಯಿಂದ 8.1ರವರೆಗೆ ಮೈಕ್ರೊಸಾಫ್ಟ್ ಅದನ್ನು ತಾನೇ ಒದಗಿಸುತ್ತಿತ್ತು. 2007ರಲ್ಲಿ ಆ ಡ್ರೈವರಿನಲ್ಲಿ ದೊಡ್ಡ ಕಂಡಿ ಪತ್ತೆಯಾಯಿತು: ಸಾಮಾನ್ಯ ಬಳಕೆದಾರ ಇಡೀ ಕಂಪ್ಯೂಟರಿನ ಹತೋಟಿ ಪಡೆಯಬಹುದಿತ್ತು. ತೇಪೆ ಹಾಕಿದ್ದಾಯಿತು. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ರಿಂದ ಡ್ರೈವರನ್ನೇ ಕೈಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಕೆ.ಬಿ. 3086255 ಎಂಬ ಅಪ್‌ಡೇಟ್ ವಿಸ್ಟಾ, 7, 8ರಲ್ಲೂ ಅದರ ಬಾಯಿ ಮುಚ್ಚಿಸಿತು. ಸೆಕ್ಯೂರಾಂ ಎಂಬ ಇನ್ನೊಂದು ಬೀಗದ ಕೆಲವು ಹಳೆಯ ಆವೃತ್ತಿಗಳಿಗೂ ವಿಂಡೋಸ್ 10ರಲ್ಲಿ ಇದೇ ಗತಿ.

ಭದ್ರತೆಯ ದೃಷ್ಟಿಯಿಂದ ಮೈಕ್ರೊಸಾಫ್ಟ್ ಮಾಡಿದ್ದು ಸರಿಯೇ. ಆದರೆ ದುಡ್ಡು ಕೊಟ್ಟು ಅಸಲಿ ಡಿಸ್ಕ್ ಕೊಂಡವನು ಹೊರಗೆ ನಿಂತ. ಬೀಗ ಒಡೆದ ನಕಲು ಕೊಂಡವನು ಇಂದಿಗೂ ನೆಮ್ಮದಿಯಿಂದ ಆಡುತ್ತಿದ್ದಾನೆ.

ಬೀಗದ ಹೆಸರು ತಿಳಿಯಲು ಡಿಸ್ಕ್‌ನ ಕಡತಗಳ ಪಟ್ಟಿ ನೋಡಿ. 00000001.ಟಿಎಂಪಿ, ಸಿಎಲ್‌ಸಿಡಿ32.ಡಿಎಲ್‌ಎಲ್ ಇದ್ದರೆ ಹಳೆಯ ಸೇಫ್‌ಡಿಸ್ಕ್, ಸಿಎಂಎಸ್16.ಡಿಎಲ್‌ಎಲ್ ಇದ್ದರೆ ಹಳೆಯ ಸೆಕ್ಯೂರಾಂ. ಇವು ಕಾಣದಿದ್ದ ಮಾತ್ರಕ್ಕೆ ಬೀಗ ಇಲ್ಲವೆಂದಲ್ಲ.

(ಸೆಟಪ್ ಶುರುವೇ ಆಗದ ತೊಂಬತ್ತರ ದಶಕದ ಗೇಮ್‌ಗಳ ಕಥೆ ಬೇರೆ. ಅವುಗಳ ಸೆಟಪ್ 16 ಬಿಟ್‌ನದಾಗಿದ್ದರೆ 64 ಬಿಟ್ ವಿಂಡೋಸ್‌ನಲ್ಲಿ ಓಡುವುದೇ ಇಲ್ಲ.)

5. ಹಾಗಾದರೆ ಆಡುವುದು ಹೇಗೆ?

ಮೊದಲು ಗೇಮ್ ತಯಾರಿಸಿದವರದೇ ಕೊನೆಯ ಪ್ಯಾಚ್ (ಗೇಮನ್ನು ತಿದ್ದುವ ಅಪ್‌ಡೇಟ್) ಹುಡುಕಿ. ಡಿಸ್ಕ್ ಬೇಡವೆಂದು ಕಂಪನಿಗಳೇ ಬೀಗ ತೆಗೆದ ಉದಾಹರಣೆಗಳಿವೆ. ಬ್ಲಿಜರ್ಡ್ 2008ರಲ್ಲಿ ಸ್ಟಾರ್‌ಕ್ರಾಫ್ಟ್‌ಗೆ 1.15.2, ಡಯಾಬ್ಲೊ 2ಕ್ಕೆ 1.12 ಪ್ಯಾಚ್ ಕೊಟ್ಟಿತು. ಅವನ್ನು ಹಾಕಿ, ಡಿಸ್ಕ್‌ನಲ್ಲಿರುವ ದೊಡ್ಡ ಕಡತಗಳನ್ನು ಗೇಮ್‌ನ ಫೋಲ್ಡರಿಗೆ ನಕಲಿಸಿಕೊಂಡರೆ ಡಿಸ್ಕ್‌ನ ಗೊಡವೆಯೇ ಇಲ್ಲ.

ಪ್ಯಾಚ್ ಇಲ್ಲದಿದ್ದರೆ ಮರುಬಿಡುಗಡೆ ನೋಡಿ. ಏಜ್ ಆಫ್ ಎಂಪೈರ್ಸ್ 2 ಈಗ ಹೊಸ ರೂಪದಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿದೆ. ಹಳೆಯ ಗೇಮ್‌ಗಳನ್ನು ಬೀಗವಿಲ್ಲದೆ ಮಾರುವುದೇ ಜಿ.ಒ.ಜಿ. ತಾಣದ ಕಸುಬು. ರಿಯಾಯಿತಿಯ ದಿನಗಳಲ್ಲಿ ಕೊಂಡರೆ ಒಂದು ಊಟದ ಖರ್ಚಿನಲ್ಲಿ ಮುಗಿಯುತ್ತದೆ.

‘ನೋ-ಸಿ.ಡಿ.’ ಹೆಸರಿನಲ್ಲಿ ಸಿಗುವ, ಡಿಸ್ಕ್ ಇಲ್ಲದೆ ಗೇಮ್ ಓಡುವಂತೆ ತಿದ್ದಿದ ಕಡತಗಳ ಬಗ್ಗೆ ಎಚ್ಚರ. ಕೊಂಡ ತಂತ್ರಾಂಶಕ್ಕೆ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದನ್ನು 2012ರಲ್ಲಿ ಸೇರಿಸಿದ 65ಎ ಕಲಂ ಅಪರಾಧ ಎನ್ನುತ್ತದೆ. ಕಾಯಿದೆಯ ಮಾತು ಬಿಟ್ಟರೂ, ಯಾರೋ ತಿದ್ದಿದ ಪ್ರೋಗ್ರಾಂ ಅನ್ನು ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಓಡಿಸುವುದು ಜಾಣತನವಲ್ಲ. ಕೈಬಿಟ್ಟ ಆ ಡ್ರೈವರನ್ನು ಎಲ್ಲಿಂದಲೋ ತಂದು ವಿಂಡೋಸ್ 10ಕ್ಕೆ ತುರುಕುವುದಕ್ಕೂ ಇದೇ ಮಾತು ಅನ್ವಯ.

ಪ್ಯಾಚೂ ಇಲ್ಲ, ಅಂಗಡಿಯಲ್ಲೂ ಇಲ್ಲ ಎನ್ನುವ ಗೇಮ್‌ಗಳಿವೆ. 2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಅಂಥದ್ದು: ಬೀಗ ಸೇಫ್‌ಡಿಸ್ಕ್, ಸ್ಟೀಮ್‌ನಲ್ಲಿ ಸಿಗುವುದು ಅದೇ ಹೆಸರಿನ 2012ರ ಬೇರೆ ಗೇಮ್. ಇಂಥವಕ್ಕೆ ಹಳೆಯ ಕಂಪ್ಯೂಟರೇ ಗತಿ. ಮನೆಯಲ್ಲಿ ವಿಂಡೋಸ್ 7ರ ಯಂತ್ರ ಇದ್ದರೆ ಕಂಟ್ರೋಲ್ ಪ್ಯಾನಲ್‌ನ ಅಪ್‌ಡೇಟ್ ಪಟ್ಟಿಯಲ್ಲಿ ಮೇಲೆ ಹೇಳಿದ ಕೆ.ಬಿ. ಸಂಖ್ಯೆ ಹುಡುಕಿ ತೆಗೆದುಹಾಕಿ. ಬಾಯಿ ಮುಚ್ಚಿಸಿದ್ದ ಆ ಡ್ರೈವರ್ ಮತ್ತೆ ಚಾಲೂ ಆಗುವುದರಿಂದ ಇಂಟರ್‌ನೆಟ್ ಕೇಬಲ್ ಕಿತ್ತಿಡಿ, ವೈಫೈ ಆಫ್ ಮಾಡಿ. ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಕ್ಸ್‌ಪಿ ಕಾಲದ ಸೆಕೆಂಡ್‌ಹ್ಯಾಂಡ್ ಯಂತ್ರಕ್ಕಾಗಿ ವಿಚಾರಿಸಿ. ಹಣ ಕೊಡುವ ಮುನ್ನ ಡಿಸ್ಕ್ ಜೊತೆಗೇ ಒಯ್ದು ಅದರ ಡ್ರೈವ್‌ನಲ್ಲಿ ಹಾಕಿ ನೋಡಿ. ಅದರ ಗ್ರಾಫಿಕ್ಸ್ ಕಾರ್ಡ್‌ಗೆ ಎಕ್ಸ್‌ಪಿಯ ಡ್ರೈವರ್ ಸಿಗುತ್ತದೆಯೇ ಎಂಬುದನ್ನೂ ಅಲ್ಲೇ ಮೊಬೈಲಿನಲ್ಲಿ ಹುಡುಕಿಬಿಡಿ.